ಎರಡು ಲಿಂಕ್ ಕತ್ತರಿಸಿದರೆ ಸಾಕಾ?

ಬೆಳಿಗ್ಗೆ ನಮ್ಮ ಮನೆಯವರ ಗುಂಪಿಗೆ ಮಾವ ಒಂದು ಫಾರ್ವರ್ಡ್ ಹಾಕಿದರು. "ಗೇರ್ ಸೈಕಲ್ಲನ್ನು ಸಿಂಗಲ್ ಸ್ಪೀಡ್ ಮಾಡಿದ ಮೇಲೆ ಚೈನ್ ಹಾರುತ್ತಿದೆಯೇ? ಎರಡು ಲಿಂಕ್ ಕತ್ತರಿಸಿ, ತೊಂದರೆ ಮಾಯ!" ಅದರ ಕೆಳಗೆ ಅವರದೇ ಒಂದು ಸಾಲು: "ನೋಡೋ ಪುಟ್ಟ, ನಿನ್ನ ಸೈಕಲ್‌ಗೆ ಮದ್ದು ಸಿಕ್ಕಿತು."

ಪುಟ್ಟ ನನ್ನ ಚಿಕ್ಕಪ್ಪನ ಮಗ. ಹಳೇ ಮೌಂಟನ್ ಬೈಕ್‌ನಲ್ಲಿ ಗೇರ್ ಬದಲಿಸುವ ಡಿರೈಲರ್, ಶಿಫ್ಟರ್ ಎಲ್ಲ ಬಿಚ್ಚಿ ಹಿಂದೆ ಒಂದೇ ಹಲ್ಲುಚಕ್ರ ಉಳಿಸಿಕೊಂಡಿದ್ದಾನೆ. ಎದ್ದು ನಿಂತು ಜೋರಾಗಿ ತುಳಿದರೆ ಚೈನ್ ಕಟಕ್ ಅಂತ ಹಲ್ಲು ದಾಟುತ್ತದೆ. ಪೆಡಲ್ ಮೇಲಿನ ಕಾಲು ಒಮ್ಮೆಲೇ ಕೆಳಗೆ ಹೋಗುತ್ತದೆ, ಎದೆ ಹ್ಯಾಂಡಲ್‌ಗೆ ಬಡಿಯುತ್ತದೆ. ಹಾಗಾಗಿ ಆ ಫಾರ್ವರ್ಡ್ ನೋಡಿ ಸುಮ್ನೆ ಇರಲು ನನಗೆ ಆಗಲಿಲ್ಲ. ಆದರೆ ನಾನು ಬಾಯಿ ಬಿಡುವ ಮೊದಲೇ ಗುಂಪು ಶುರುವಾಗಿತ್ತು.

ದೊಡ್ಡಪ್ಪ: ಚೆನ್ನಾಗಿದ್ದ ಗೇರ್ ಯಾಕಪ್ಪಾ ತೆಗೆಯಬೇಕಿತ್ತು? ಮಾಡಿದವರು ದಡ್ಡರಾ? ಈಗಿನ ಹುಡುಗರಿಗೆ ಇದ್ದದ್ದನ್ನು ಇದ್ದ ಹಾಗೆ ಬಿಡೋಕೆ ಬರಲ್ಲ.

ಅಕ್ಕ: ಮಾವ, ಇದನ್ನು ಬರೆದವರು ಯಾರು? ಯಾವ ಥರದ ಸೈಕಲ್‌ಗೆ ಹೇಳಿದ್ದು?

ಮಾವ: ತುಂಬಾ ಸಲ ಫಾರ್ವರ್ಡ್ ಆಗಿದೆ ಅಂತ ಮೇಲೇ ಇದೆಯಲ್ಲಮ್ಮಾ. ಸುಳ್ಳಾದರೆ ಇಷ್ಟು ಜನ ಕಳಿಸ್ತಾರಾ?

ಅಕ್ಕ: ಫೋನ್ ಬ್ಯಾಟರಿ ಫ್ರಿಜ್ಜಿನಲ್ಲಿಡಿ ಅಂತ ಬಂದಿದ್ದೂ ಹೀಗೇ ಅಲ್ವಾ?

ಮಾವ: ಅದು ನಾನಲ್ಲ, ನಿಮ್ಮ ಅತ್ತೆ ಕಳಿಸಿದ್ದು.

ಅತ್ತೆ: ನನ್ನ ಫೋನ್ ತಗೊಂಡು ಕಳಿಸಿದ್ದು ಯಾರು ಅಂತಲೂ ಹೇಳಿಬಿಡಿ.

ಭಾವ: ಅದಿರಲಿ, ಲಿಂಕ್ ಕತ್ತರಿಸೋಕೆ ಚೈನ್ ಟೂಲ್ ಬೇಕಲ್ಲ? ನನ್ನದು ತಗೊಂಡು ಹೋದವರು ಇನ್ನೂ ವಾಪಸ್ ಕೊಟ್ಟಿಲ್ಲ. ಹೆಸರು ಹೇಳಲ್ಲ, ಇದೇ ಗುಂಪಿನಲ್ಲಿದ್ದಾರೆ.

ಅಷ್ಟರಲ್ಲಿ ನಾನು 'ಇನ್ನಷ್ಟು ಓದಿ' ಒತ್ತಿ ಫಾರ್ವರ್ಡನ್ನು ಕೊನೆಯವರೆಗೂ ಓದಿದೆ. ಕೊನೇ ಸಾಲಿನಲ್ಲಿ ಸ್ಪಷ್ಟವಾಗಿಯೇ ಇತ್ತು: ಹಿಂದಿನ ಚಕ್ರವನ್ನು ಹಿಂದೆ ಮುಂದೆ ಜರುಗಿಸಲು ಬರುವ ಫ್ರೇಮ್‌ಗೆ ಮಾತ್ರ. ಬರೆದವರು ಸರಿಯಾಗಿಯೇ ಬರೆದಿದ್ದರು. ಕಳಿಸಿದವರೂ ಬೈದವರೂ ಅಲ್ಲಿವರೆಗೆ ಹೋಗಿರಲಿಲ್ಲ.

ನಾನು: ಪುಟ್ಟನ ಫ್ರೇಮ್‌ನಲ್ಲಿ ಆಕ್ಸಲ್ ಕೂರುವ ಸೀಳು ನೇರ ಕೆಳಮುಖವಾಗಿದೆ. ಚಕ್ರ ಜರುಗಿಸೋಕೆ ಆಗಲ್ಲ. ಎರಡು ಲಿಂಕ್ ಅಂದರೆ ಒಂದು ಇಂಚು. ಅದು ಚೈನಿನ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಹಂಚಿಹೋಗುತ್ತೆ, ಅಂದರೆ ಚಕ್ರ ಅರ್ಧ ಇಂಚು ಮುಂದೆ ಬರಬೇಕು. ಅದು ಬರಲ್ಲ ಅಂತಲೇ ಚೈನನ್ನು ಒತ್ತಿ ಬಿಗಿಯಾಗಿಡೋ ಟೆನ್ಶನರ್ ಹಾಕಿರೋದು. ಅಳೆಯದೆ ಕತ್ತರಿಸಿದರೆ ಚೈನಿನ ಎರಡು ತುದಿ ಸೇರದೇ ಹೋಗಬಹುದು.

ದೊಡ್ಡಪ್ಪ: ಲೆಕ್ಕ ಸರಿ ಇರಬಹುದು. ಆದರೆ ದೊಡ್ಡವರು ಒಂದು ಮಾತು ಹೇಳಿದಾಗ ಹೀಗೆ ಎಲ್ಲರ ಮುಂದೆ ತಪ್ಪು ಹುಡುಕಬಾರದು.

ಅಣ್ಣ: ತಾತನ ಕಪ್ಪು ಸೈಕಲ್ ನೆನಪಿದೆಯಾ? ಗೇರೂ ಇಲ್ಲ, ಏನೂ ಇಲ್ಲ. ಮುಂದಿನ ಬಾರ್ ಮೇಲೆ ನಾನು, ಹಿಂದೆ ಕ್ಯಾರಿಯರ್ ಮೇಲೆ ನೀವಿಬ್ಬರು. ಅಷ್ಟು ಭಾರ ಎಳೆದರೂ ಒಂದು ದಿನ ಚೈನ್ ಹಾರಲಿಲ್ಲ.

ಅಕ್ಕ: ಬಾರ್ ಮೇಲೆ ಕೂರ್ತಿದ್ದದ್ದು ನಾನು.

ಆಮೇಲೆ ತುಂಬಾ ಹೊತ್ತು ಬಾರ್ ಮೇಲೆ ಯಾರು ಕೂರುತ್ತಿದ್ದರು ಅನ್ನುವುದೇ ನಡೆಯಿತು. ಆದರೆ ನನಗೆ ಬೇಕಿದ್ದ ಉತ್ತರ ಅಣ್ಣನ ಮಾತಿನಲ್ಲೇ ಇತ್ತು. ತಾತನ ಸೈಕಲ್ಲಿನ ಚೈನ್ ಹಾರದೇ ಇದ್ದದ್ದು ಕಾಲದ ಮಹಿಮೆಯಿಂದಲ್ಲ. ಆ ಥರದ ಸೈಕಲ್‌ಗಳಲ್ಲಿ ಚಕ್ರವನ್ನು ಹಿಂದಕ್ಕೆ ಎಳೆದು ಬಿಗಿ ಮಾಡಬಹುದು. ಹಲ್ಲುಗಳು ಪೂರ್ತಿ ಎತ್ತರ ಇರುತ್ತವೆ. ಗೇರ್ ಸೈಕಲ್ಲಿನ ಕ್ಯಾಸೆಟ್, ಅಂದರೆ ಹಿಂದಿನ ಹಲ್ಲುಚಕ್ರಗಳ ಜೋಡಣೆ, ಹಾಗಲ್ಲ. ಚೈನ್ ಸಲೀಸಾಗಿ ಪಕ್ಕದ ಹಲ್ಲುಚಕ್ರಕ್ಕೆ ದಾಟಲಿ ಅಂತಲೇ ಅದರ ಕೆಲವು ಹಲ್ಲು ಗಿಡ್ಡ, ಕೆಲವಕ್ಕೆ ಪಕ್ಕದಲ್ಲಿ ಇಳಿಜಾರು. ಬಿಟ್ಟುಕೊಡಲೆಂದೇ ಮಾಡಿದ ಹಲ್ಲುಗಳು ಅವು.

ಹಿಂದಿನ ಹಲ್ಲುಚಕ್ರದ ಫೋಟೋ ಹಾಕು ಅಂತ ಪುಟ್ಟನಿಗೆ ಹೇಳಿದೆ. ಹಾಕಿದ. ಹಳೇ ಕ್ಯಾಸೆಟ್‌ನಿಂದ ಬಿಚ್ಚಿದ 16 ಹಲ್ಲಿನ ಚಕ್ರವೇ. ಸವೆದು ಸವೆದು ಹಲ್ಲುಗಳು ಗರಗಸದ ಹಾಗೆ ಒಂದೇ ಕಡೆ ವಾಲಿದ್ದವು. ಅದರ ಮೇಲೆ ಹೊಚ್ಚ ಹೊಸ ಚೈನ್ ಹೊಳೆಯುತ್ತಿತ್ತು. ಟೆನ್ಶನರ್ ಚೈನನ್ನು ಕೆಳಕ್ಕೆ ಒತ್ತುತ್ತಿತ್ತು, ಹಾಗಾಗಿ ಚೈನ್ ಹಿಡಿದುಕೊಂಡಿದ್ದ ಹಲ್ಲುಗಳೂ ಕಡಿಮೆ. ಮೂರೂ ಕಾರಣ ಒಂದೇ ಫೋಟೋದಲ್ಲಿ.

ಮಾವ: ಎಣ್ಣೆ ಹಾಕಿದರೆ ಆಯ್ತಪ್ಪ.

ಅಕ್ಕ: ಸರಿ, ನೀನು ಹೇಳೋದಕ್ಕೆ ಆಧಾರ ಏನು?

ಅಕ್ಕ ಕೇಳಿದ್ದು ನನಗೆ ಖುಷಿಯಾಯಿತು. ಮಾವನಿಗೆ ಒಂದು ನ್ಯಾಯ, ನನಗೊಂದು ನ್ಯಾಯ ಅಂತ ಅವಳು ಮಾಡಲ್ಲ.

ನಾನು: ಸ್ಕೇಲ್ ಇಟ್ಟು ನೋಡಿ. 24 ಲಿಂಕ್ ಸರಿಯಾಗಿ 12 ಇಂಚು ಇರಬೇಕು. ಇಂಚಿನ ಎಂಟನೇ ಒಂದು ಭಾಗ ಜಾಸ್ತಿ ಬಂದರೆ ಚೈನ್ ಶೇಕಡಾ 1ರಷ್ಟು ಸವೆದಿದೆ, ಅದನ್ನು ಬದಲಿಸಬೇಕು.

ಪುಟ್ಟ: ಸರಿಯಾಗಿ 12 ಅಣ್ಣಾ.

ನಾನು: ಹಾಗಾದರೆ ಚೈನ್ ಚೆನ್ನಾಗಿದೆ. ಹಳೇ ಚೈನ್ ಜೊತೆ ಸವೆದ ಹಲ್ಲಿಗೆ ಹೊಸ ಚೈನ್ ಕೂರಲ್ಲ, ಒತ್ತಡ ಬಿದ್ದಾಗ ಹಲ್ಲಿನ ಮೇಲಕ್ಕೆ ಹತ್ತಿ ದಾಟುತ್ತೆ. ಜೋರಾಗಿ ತುಳಿದಾಗ ಮಾತ್ರ ಹಾರೋದು ಇದಕ್ಕೇ. ಚೈನ್ ಒಂದು ಸುತ್ತು ಬಂದಾಗಲೆಲ್ಲ ಒಮ್ಮೆ ಕಟಕ್ ಅಂದರೆ ಯಾವುದೋ ಲಿಂಕ್ ಬಿಗಿಯಾಗಿದೆ ಅಂತ. ಚೈನ್ ಹಲ್ಲು ಬಿಡದೇ ಪೆಡಲ್ ಮಾತ್ರ ಜಾರಿದರೆ ಹಬ್ ಒಳಗಿನ ಫ್ರೀವೀಲ್ ನೋಡಬೇಕು. ಈಗ ಸಿಂಗಲ್ ಸ್ಪೀಡ್‌ಗೆಂದೇ ಮಾಡಿದ, ಹಲ್ಲು ಪೂರ್ತಿ ಎತ್ತರ ಇರುವ 16ರದ್ದು ಹಾಕು. ಹಿಂದಿನಿಂದ ನೋಡಿ, ಮುಂದಿನ ಹಲ್ಲುಚಕ್ರಕ್ಕೆ ನೇರವಾಗಿ ಬರೋ ಹಾಗೆ ಪಕ್ಕದಲ್ಲಿ ಹಾಕೋ ಸ್ಪೇಸರ್ ಬಳೆಗಳನ್ನು ಹೊಂದಿಸು. ನಿನ್ನ ಟೆನ್ಶನರ್ ಎರಡು ಕಡೆಗೂ ಕೂರುತ್ತೆ, ಮೇಲಕ್ಕೆ ಒತ್ತೋ ಹಾಗೆ ತಿರುಗಿಸು, ಆಗ ಚೈನ್ ಜಾಸ್ತಿ ಹಲ್ಲು ಹಿಡಿಯುತ್ತೆ. ಉದ್ದ ಹೆಚ್ಚು ಕಡಿಮೆ ಆಯ್ತಾ ಅನ್ನೋದು ಅದಾದ ಮೇಲೆ ನೋಡೋಣ.

ಮಾವ: ಅಂದರೆ ಕತ್ತರಿಸೋದು ಬೇಕಾಗಬಹುದು ಅಂತಾಯ್ತು. ನಾನು ಹೇಳಿದ್ದೂ ಅದನ್ನೇ ಅಲ್ವಾ?

ಭಾವ: ಮೊದಲು ನನ್ನ ಚೈನ್ ಟೂಲ್.

ದೊಡ್ಡಪ್ಪ: ಪುಟ್ಟ, ಗೇರ್ ತೆಗೆದಿದ್ದು ತೆಗೆದೆ. ಬ್ರೇಕ್ ಎರಡೂ ಇದೆ ತಾನೇ?

ಪುಟ್ಟ: ಇದೆ ದೊಡ್ಡಪ್ಪ.

ದೊಡ್ಡಪ್ಪ: ಸರಿ. ಅದು ರಿಪೇರಿ ಆಗೋವರೆಗೂ ಎದ್ದು ನಿಂತು ತುಳಿಯಬೇಡ.