ಅಜ್ಜನ ಲಕೋಟೆಯ ಪಾಲು

ಗುಂಪು: ವಿಜಯಪುರದ ಮನೆ

ಕಾಕಾ: ಅಪ್ಪನ ಟ್ರಂಕಿನಲ್ಲಿ ಸಿಕ್ಕ ಫಸ್ಟ್ ಡೇ ಕವರಿನ, ಅಂದರೆ ಹೊಸ ಅಂಚೆಚೀಟಿ ಹಚ್ಚಿ ಅದು ಬಿಡುಗಡೆಯಾದ ದಿನದ ಠಸ್ಸೆ ಹಾಕಿಸಿದ ಲಕೋಟೆಯ ಫೋಟೋ ಹಾಕಿದ್ದೇನೆ. ಎಡಕ್ಕೆ ನಮ್ಮ ದೇಶದ ಎರಡು ಅಂಚೆಚೀಟಿಗಳಿವೆ, ಬಲಕ್ಕೆ ಚೀನಾದ ಎರಡಿವೆ. ಎರಡೂ ಕಡೆ ಚಿತ್ರಗಳು ಅವೇ: ಬುದ್ಧಗಯೆಯ ಮಹಾಬೋಧಿ ದೇವಾಲಯ ಮತ್ತು ಚೀನಾದ ಲುವೊಯಾಂಗಿನ ಶ್ವೇತಾಶ್ವ ದೇವಾಲಯ. ತಾರೀಖು 11 ಜುಲೈ 2008. ನಾವು ಅಣ್ಣತಮ್ಮಂದಿರು, ಅಕ್ಕ ಸೇರಿ ನಾಲ್ವರು, ಚೀಟಿಗಳೂ ನಾಲ್ಕು. ನೀರಿನಲ್ಲಿ ನೆನೆಹಾಕಿ ಬಿಡಿಸಿ ಆಳಿಗೊಂದರಂತೆ ಹಂಚಿಕೊಳ್ಳಬಹುದೆಂದು ನನ್ನ ವಿಚಾರ.

ನಾನು: ಕಾಕಾ, ದಯವಿಟ್ಟು ಅದಕ್ಕೆ ನೀರು ಮುಟ್ಟಿಸಬೇಡಿ. ಬಿಡಿಸಿದರೆ ನಿಮ್ಮ ಕೈಯಲ್ಲಿ ಉಳಿಯುವುದು ಎಲ್ಲಿಯೂ ಸಿಗುವಂಥ ನಾಲ್ಕು ಬಿಡಿ ಚೀಟಿಗಳು ಮಾತ್ರ.

ದೊಡ್ಡಪ್ಪ: ಹಂಚುವ ಮಾತು ಆಮೇಲಿರಲಿ, ಈ ಲಕೋಟೆ ಅಸಲಿಯೇ ಎಂಬ ಸಂಶಯ ನನಗಿದೆ. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಕುಳಿತು ಠಸ್ಸೆ ಹೊಡೆದವನು ನಾನು. ಒಂದು ದೇಶದ ಚೀಟಿಗೆ ಆ ದೇಶದ ಟಪಾಲಿನಲ್ಲಿ ಮಾತ್ರ ಬೆಲೆ; ಪರದೇಶದ ಚೀಟಿಯನ್ನು ನಾವು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಹಾಗಿರುವಾಗ ಒಂದೇ ಲಕೋಟೆಯ ಮೇಲೆ ಎರಡು ದೇಶಗಳ ಚೀಟಿಗಳು ಹೇಗೆ ಕೂಡಿದವು?

ನಾನು: ನಿಯಮ ನೀವು ಹೇಳಿದಂತೆಯೇ ಇದೆ ದೊಡ್ಡಪ್ಪ, ಅದಕ್ಕಾಗಿಯೇ ಇದರ ಮೇಲೆ ಠಸ್ಸೆಗಳೂ ಎರಡಿವೆ. ಫೋಟೋ ಹಿಗ್ಗಿಸಿ ನೋಡಿ, ನಮ್ಮ ಠಸ್ಸೆ ನಮ್ಮ ಚೀಟಿಗಳ ಮೇಲಷ್ಟೇ ಬಿದ್ದಿದೆ, ಚೀನೀ ಲಿಪಿಯ ಠಸ್ಸೆ ಚೀನಾದ ಚೀಟಿಗಳ ಮೇಲಷ್ಟೇ ಬಿದ್ದಿದೆ. ಎರಡು ದೇಶಗಳ ಅಂಚೆ ಇಲಾಖೆಗಳು ಮೊದಲೇ ಮಾತಾಡಿಕೊಂಡು ಒಂದೇ ವಿಷಯದ ಮೇಲೆ ಚೀಟಿ ಹೊರತರುವುದಕ್ಕೆ ಜಂಟಿ ಬಿಡುಗಡೆ ಎನ್ನುತ್ತಾರೆ; ನಮ್ಮವರು 2003ರಲ್ಲಿ ಫ್ರಾನ್ಸಿನೊಡನೆ ನವಿಲು ಮತ್ತು ಹುಂಜದ ಚೀಟಿಗಳನ್ನು, 2012ರಲ್ಲಿ ಇಸ್ರೇಲಿನೊಡನೆ ದೀಪಾವಳಿ ಮತ್ತು ಹನುಕ್ಕಾ ಹಬ್ಬಗಳ ಚೀಟಿಗಳನ್ನು, 2017ರಲ್ಲಿ ಕೆನಡಾದೊಡನೆ ದೀಪಾವಳಿಯ ಚೀಟಿಗಳನ್ನು ಹೀಗೆಯೇ ತಂದರು. ಸಂಗ್ರಾಹಕರು ಒಂದು ದೇಶದ ಠಸ್ಸೆ ಬಿದ್ದ ಲಕೋಟೆಯನ್ನು ದೊಡ್ಡದೊಂದು ಲಕೋಟೆಯೊಳಗಿಟ್ಟು ಇನ್ನೊಂದು ದೇಶಕ್ಕೆ ಕಳಿಸಿ, ಅಲ್ಲಿಯ ಚೀಟಿಗೆ ಅಲ್ಲಿಯೇ ಠಸ್ಸೆ ಹಾಕಿಸುತ್ತಾರೆ.

ದೊಡ್ಡಪ್ಪ: ಹಾಗಾದರೆ ನನ್ನ ಸಂಶಯ ಇನ್ನೂ ಗಟ್ಟಿಯಾಯಿತು. 11ನೆಯ ತಾರೀಖು ಇಲ್ಲಿ ಠಸ್ಸೆ ಬಿದ್ದ ಲಕೋಟೆ ಅದೇ ದಿನ ಚೀನಾ ಮುಟ್ಟಲು ಅದಕ್ಕೇನು ರೆಕ್ಕೆಯಿತ್ತೇ, ತಂಗೀ?

ನಾನು: ಆ ಮಾತನ್ನು ಒಪ್ಪುತ್ತೇನೆ. ಅಮೆರಿಕದ ಅಂಚೆ ಇಲಾಖೆಯಂತೂ ಪ್ರಥಮ ದಿನದ ಠಸ್ಸೆಗಾಗಿ ಬರುವ ಲಕೋಟೆಗಳನ್ನು 120 ದಿನಗಳವರೆಗೂ ಸ್ವೀಕರಿಸಿ, ಮೊದಲ ದಿನದ ತಾರೀಖನ್ನೇ ಹಾಕಿಕೊಡುತ್ತದೆ. ಆದ್ದರಿಂದ ತಾರೀಖು ಒಂದೇ ಆಗಿದ್ದ ಮಾತ್ರಕ್ಕೆ ಎರಡೂ ಠಸ್ಸೆಗಳು ಅದೇ ದಿನ ಬಿದ್ದವೆಂದು ಹೇಳಲಾಗದು. ಹಾಗೆಂದು ಠಸ್ಸೆ ಸುಳ್ಳಾಗುವುದಿಲ್ಲ, ಹಾಕಿದವರು ಆಯಾ ದೇಶದ ಅಂಚೆಯವರೇ.

ಕಾಕಾ: ವಿಳಾಸವಿಲ್ಲ, ಒಳಗೆ ಕಾಗದವಿಲ್ಲ, ಯಾರ ಮನೆಗೂ ಇದು ಮುಟ್ಟಿಲ್ಲ. ಲಗ್ನವೇ ಗೊತ್ತಾಗದೆ ಅಚ್ಚಾದ ಲಗ್ನಪತ್ರಿಕೆಯಂತಿರುವ ಇದನ್ನು ಟಪಾಲು ಎನ್ನುವುದಾದರೂ ಹೇಗೆ?

ದೊಡ್ಡಪ್ಪ: ತಮ್ಮ ಹೇಳುವುದು ಸರಿ. ಎರಡು ಸರಕಾರಗಳ ಚೀಟಿಗಳನ್ನು ಅವಶ್ಯವಾಗಿಯೇ ಹಚ್ಚಿದ ಲಕೋಟೆಗಳೆಂದರೆ ಹಳೆಯ ಕಾಶ್ಮೀರದವು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಸಂಸ್ಥಾನದಿಂದ ಹೊರಗೆ ಹೋಗುವ ಪತ್ರಕ್ಕೆ ಸಂಸ್ಥಾನದ ಚೀಟಿಯೊಂದಿಗೆ ಬ್ರಿಟಿಷ್ ಭಾರತದ ಚೀಟಿಯನ್ನೂ ಹಚ್ಚಬೇಕಿತ್ತು. ನಮ್ಮ ಮಗ್ಗುಲ ಕಲಬುರಗಿಯಲ್ಲಿ ನಡೆಯುತ್ತಿದ್ದ ನಿಜಾಮರ ಚೀಟಿಯೂ ಅವರ ರಾಜ್ಯದ ಗಡಿಯೊಳಗೆ ಮಾತ್ರ ಸಲ್ಲುತ್ತಿತ್ತು, ಮುಂಬಯಿ ಪ್ರಾಂತದ ವಿಜಾಪುರದವರೆಗೆ ಪತ್ರ ಮುಟ್ಟಿಸಲು ಅದೊಂದೇ ಸಾಲುತ್ತಿರಲಿಲ್ಲ. ಅವು ದುಡಿದ ಲಕೋಟೆಗಳು, ಇದು ಅಲಂಕಾರದ್ದು.

ಅತ್ತೆ (ಬೆಳಗಾವಿ): ಅಣ್ಣಾ, ಕಾಶ್ಮೀರದ ಆ ಲಕೋಟೆಯಿಂದ ಚೀಟಿಗಳನ್ನು ಬಿಡಿಸಿ ಹಂಚಿದರೆ ನೀವು ಸುಮ್ಮನಿರುತ್ತಿದ್ದಿರಾ? 1949ರ ಆಗಸ್ಟ್ 15ರಂದು ಬಂದ ಆರಾಣೆಯ ಗೋಳಗುಮ್ಮಟದ ಚೀಟಿಯನ್ನು ಅಪ್ಪ ಸಣ್ಣವರಿದ್ದಾಗ ಯಾವುದೋ ಲಕೋಟೆಯಿಂದ ಬಿಡಿಸಿ ಆಲ್ಬಮ್ಮಿಗೆ ಹಚ್ಚಿದ್ದರು. ಠಸ್ಸೆಯ ಅರ್ಧ ಲಕೋಟೆಯ ಜೊತೆಗೇ ಹೋಯಿತು, ಚೀಟಿಯ ಮೇಲೆ ಉಳಿದದ್ದು ‘ಪುರ’ ಎಂಬ ಕೊನೆಯ ತುಣುಕು. ಅದು ವಿಜಾಪುರವೋ, ಸೊಲ್ಲಾಪುರವೋ, ಕೊಲ್ಹಾಪುರವೋ ಎಂದು ಅವರು ಕಡೆಯವರೆಗೂ ಹಳಹಳಿಸುತ್ತಿದ್ದರು. ಆಮೇಲೆ ಅವರು ಯಾವ ಲಕೋಟೆಯನ್ನೂ ನೀರಿಗೆ ಹಾಕಲಿಲ್ಲ. ನಾನು ನನ್ನ ಪಾಲು ಬಿಟ್ಟುಕೊಡುತ್ತೇನೆ, ಲಕೋಟೆ ಇಡಿಯಾಗಿ ಯಾರ ಮನೆಯಲ್ಲಾದರೂ ಇರಲಿ.

ಕಾಕಾ: ಅಕ್ಕಾ, ನೀನು ಇಷ್ಟು ಹೇಳಿದ ಮೇಲೆ ನಾನು ಬಿಡಿಸುವುದಿಲ್ಲ. ಹಾಳಾಗದಂತೆ ಲ್ಯಾಮಿನೇಶನ್ ಮಾಡಿಸಿಬಿಡಲೇ?

ನಾನು: ಕಾಕಾ, ಅದು ನೀರಿಗಿಂತ ಕೆಟ್ಟದ್ದು. ಬಿಸಿಗೆ ಅಂಟಿಕೊಂಡ ಪ್ಲಾಸ್ಟಿಕ್ಕನ್ನು ಮತ್ತೆ ತೆಗೆಯಲಾಗದು. ಹಳೆಯ ಟ್ರಂಕಿನಲ್ಲೇ ಇಡಿ, ನಾನು ಕವರ್ ಆಲ್ಬಮ್ ತರುತ್ತೇನೆ.

ದೊಡ್ಡಪ್ಪ: ರವಿವಾರ ನಾನು ಭೂತಗನ್ನಡಿ ತೆಗೆದುಕೊಂಡು ಬರುತ್ತೇನೆ, ಚೀನಾದ ಠಸ್ಸೆಯನ್ನು ಕಣ್ಣಾರೆ ನೋಡುವವರೆಗೆ ನನ್ನ ಸಂಶಯ ಹಾಗೆಯೇ ಇರುತ್ತದೆ. ಗೋಳಗುಮ್ಮಟದ ಆ ಚೀಟಿಯನ್ನೂ ಹೊರಗೆ ತೆಗೆದಿಡು, ತಮ್ಮಾ. ‘ಪುರ’ದ ಹಿಂದಿನ ಅಕ್ಷರದ ಬಾಲವಾದರೂ ಕಂಡರೆ ಅದು ಯಾವ ಊರೆಂದು ನಾನು ಹೇಳುತ್ತೇನೆ.