ಟೈಫಾಯ್ಡ್ ಅಂದರು, ಈಗ ಬ್ರುಸೆಲ್ಲಾ ಅಂತಿದ್ದಾರೆ. ಮಾತ್ರೆ ಜೊತೆ ಇಂಜೆಕ್ಷನ್ ಯಾಕೆ?

ಶ್ರೀನಿವಾಸಪುರದ ಹುಡುಗ:
ನಮ್ಮದು ಶ್ರೀನಿವಾಸಪುರದ ಹತ್ತಿರ ಹಳ್ಳಿ. ಸೀಮೆ ಹಸು ಸಾಕಿದ್ದೇವೆ, ಡೈರಿಗೆ ಹಾಲು ಹಾಕುತ್ತೇವೆ. ಮಾವಿನ ಸೀಸನ್ ಮುಗಿದಾಗಿಂದ ಅಪ್ಪನಿಗೆ ಜ್ವರ. ಬೆಳಗ್ಗೆ ಚೆನ್ನಾಗಿರುತ್ತಾರೆ, ಸಂಜೆಯಾದರೆ ಮೈ ಕಾಯುತ್ತದೆ, ರಾತ್ರಿ ಬನಿಯನ್ ಹಿಂಡುವಷ್ಟು ಬೆವರು. ಸೊಂಟ ನೋವು ಬೇರೆ. ವಿಡಾಲ್ ಅನ್ನುವ ಟೈಫಾಯ್ಡ್ ರಕ್ತ ಪರೀಕ್ಷೆ ಪಾಸಿಟಿವ್ ಅಂತ ಟೈಫಾಯ್ಡ್‌ಗೆ ಔಷಧಿ ಕೊಟ್ಟರು. ಸ್ವಲ್ಪ ದಿನ ಕಮ್ಮಿಯಾಗಿ ಮತ್ತೆ ಶುರುವಾಯಿತು. ಈಗ ಬೇರೆ ಡಾಕ್ಟರು ಬ್ರುಸೆಲ್ಲಾ ಅಂದಿದ್ದಾರೆ. ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಮಾತ್ರೆ, ಜೊತೆಗೆ ದಿನಾ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್. ಎಂಆರ್‌ಐ ಕೂಡ ಬರೆದಿದ್ದಾರೆ. ಪಕ್ಕದೂರಿನವರೊಬ್ಬರಿಗೆ ಇದೇ ಕಾಯಿಲೆಗೆ ಬರೀ ಮಾತ್ರೆ ಕೊಟ್ಟಿದ್ದರು. ಮೆಡಿಕಲ್ ಶಾಪಿನವನು "ಇದು ಟಿಬಿ ಮಾತ್ರೆ" ಅಂದಾಗಿಂದ ಅಮ್ಮ ಗಾಬರಿಯಾಗಿದ್ದಾರೆ. ತಿಳಿದವರು ಹೇಳಿ.

ಲ್ಯಾಬ್ ಮೇಷ್ಟ್ರು, ಕೋಲಾರ (ನಿವೃತ್ತ):
ಬ್ರುಸೆಲ್ಲಾ ಅಂದರೆ ದನಗಳಿಂದ ಮನುಷ್ಯರಿಗೆ ಹತ್ತುವ ಬ್ಯಾಕ್ಟೀರಿಯಾ, ಹಸು ಕಂದು ಹಾಕುವುದಕ್ಕೂ ಅದು ಕಾರಣ. ಅದಕ್ಕೇ ಮೊದಲು ಒಂದು ಮಾತು ಹೇಳಿ ತಮ್ಮಾ. ಈ ವರ್ಷ ನಿಮ್ಮ ಕೊಟ್ಟಿಗೆಯಲ್ಲಿ ಯಾವುದಾದರೂ ಹಸು ಕಂದು ಹಾಕಿತ್ತಾ? ಮಾಸು ಬೀಳದೆ ಅಪ್ಪ ಕೈ ಹಾಕಿ ತೆಗೆದಿದ್ದರಾ? ನಮ್ಮ ಜಿಲ್ಲೆಯಲ್ಲಿ ಬಿಡದ ಜ್ವರ ಅಂತ ಬಂದವರನ್ನು ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ ಇದೇ. ಚೀಟಿಯಲ್ಲಿ ಡಾಕ್ಟರು ಬರೆದ ಟೆಸ್ಟನ್ನಷ್ಟೇ ಲ್ಯಾಬ್ ಮಾಡುತ್ತದೆ. ವಿಡಾಲ್ ಅಂತ ಬರೆದರೆ ವಿಡಾಲ್ ಮಾಡುತ್ತೇವೆ. ಹಳೇ ಟೈಫಾಯ್ಡ್ ಇದ್ದರೂ, ಬೇರೆ ಜ್ವರ ಇದ್ದರೂ ಅದು ಏರಬಹುದು. ಒಂದೇ ಒಂದು ವಿಡಾಲ್ ನಂಬಿ ಔಷಧಿ ಶುರು ಮಾಡುವುದು ನನಗೆ ಯಾವತ್ತೂ ಸರಿ ಕಂಡಿಲ್ಲ. ಮಾತ್ರೆ ನುಂಗುವ ಮುಂಚೆ ಬ್ಲಡ್ ಕಲ್ಚರ್‌ಗೆ, ಅಂದರೆ ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಗೆ, ರಕ್ತ ಕೊಡಬೇಕು.

ಬ್ರುಸೆಲ್ಲಾಗೆ ಮೊದಲು ಮಾಡುವುದು ರೋಸ್ ಬೆಂಗಾಲ್ ಟೆಸ್ಟ್. ಬಿಳಿ ಟೈಲ್ ಮೇಲೆ ಒಂದು ಹನಿ ಸೀರಂ (ರಕ್ತದ ತಿಳಿ), ಒಂದು ಹನಿ ಗುಲಾಬಿ ಬಣ್ಣದ ಆಂಟಿಜೆನ್ (ಸತ್ತ ಬ್ರುಸೆಲ್ಲಾ ಇರುವ ದ್ರಾವಣ). ಕಡ್ಡಿಯಲ್ಲಿ ಕಲಸಿ ನಾಲ್ಕು ನಿಮಿಷ ಅಲ್ಲಾಡಿಸಿದರೆ, ಪಾಸಿಟಿವ್ ಇದ್ದಾಗ ಒಡೆದ ಹಾಲಿನ ಥರ ತರಿತರಿಯಾಗುತ್ತದೆ. ಆಮೇಲೆ ಟ್ಯೂಬ್ ಟೆಸ್ಟ್, ಸೀರಂ ಅನ್ನು ಸಾಲಾಗಿ ಟ್ಯೂಬುಗಳಲ್ಲಿ ತೆಳು ಮಾಡುತ್ತಾ ನೋಡುವುದು. ಅದರಲ್ಲೊಂದು ಕಿತಾಪತಿ ಇದೆ: ರಕ್ತದಲ್ಲಿ ಆಂಟಿಬಾಡಿ (ರೋಗಾಣು ವಿರುದ್ಧ ಮೈ ತಯಾರಿಸುವ ಪ್ರತಿಕಾಯ) ತುಂಬಾ ಜಾಸ್ತಿ ಇದ್ದರೆ ಮೊದಲ ಟ್ಯೂಬುಗಳು ನೆಗೆಟಿವ್ ಥರ ಕಾಣುತ್ತವೆ. ಸೀರಂ ಇನ್ನೂ ತೆಳು ಮಾಡುತ್ತಾ ಹೋದರೆ ಮಾತ್ರ ಸಿಕ್ಕಿಬೀಳುತ್ತದೆ. ಸೋಮಾರಿ ಲ್ಯಾಬು ಅಲ್ಲೇ ನಿಲ್ಲಿಸಿ ನೆಗೆಟಿವ್ ಅಂತ ಕೊಟ್ಟುಬಿಡುತ್ತದೆ. ಕಲ್ಚರ್ ಕಳಿಸುವಾಗಲೂ "ಬ್ರುಸೆಲ್ಲಾ ಅನುಮಾನ" ಅಂತ ಬರೆಸಿ. ಅದು ನಿಧಾನಕ್ಕೆ ಬೆಳೆಯುವ ಬ್ಯಾಕ್ಟೀರಿಯಾ, ಬಾಟಲಿಯನ್ನು ಬೇಗ ಬಿಸಾಡಬಾರದು. ಲ್ಯಾಬಿನವರಿಗೂ ಅದು ಸುಲಭವಾಗಿ ತಗಲುತ್ತದೆ, ಅವರಿಗೆ ಮೊದಲೇ ಗೊತ್ತಿರಲಿ.

ಕರ್ನಾಟಕದಲ್ಲಿ ಇದೇನೂ ಅಪರೂಪವಲ್ಲ. ಬಿಜಾಪುರದ ವೈದ್ಯರು 16 ವರ್ಷದಲ್ಲಿ ನೋಡಿದ 495 ವಯಸ್ಕ ರೋಗಿಗಳ ಬಗ್ಗೆ 2006ರಲ್ಲೇ ಬರೆದಿದ್ದಾರೆ.

ಇನ್ನು ಇಂಜೆಕ್ಷನ್. ಸ್ಪೇನ್‌ನಲ್ಲಿ ಒಂದು ಟ್ರಯಲ್ ಮಾಡಿ 1992ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಡಾಕ್ಸಿ ಜೊತೆ ರಿಫಾಂಪಿಸಿನ್, ಇನ್ನೊಂದಕ್ಕೆ ಡಾಕ್ಸಿ ಜೊತೆ ಸ್ಟ್ರೆಪ್ಟೊಮೈಸಿನ್. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಹೆಚ್ಚಿನವರಿಗೆ ಎರಡೂ ಒಂದೇ ಥರ ಕೆಲಸ ಮಾಡಿದವು. ಬೆನ್ನುಮೂಳೆಗೆ ಹತ್ತಿದವರಲ್ಲಿ ಮಾತ್ರ ಬರೀ ಮಾತ್ರೆ ಸ್ವಲ್ಪ ಹಿಂದೆ ಬಿದ್ದ ಹಾಗೆ ಕಂಡಿತು. ರಿಫಾಂಪಿಸಿನ್ ರಕ್ತದಲ್ಲಿ ಡಾಕ್ಸಿ ಮಟ್ಟವನ್ನು ಇಳಿಸುತ್ತದೆ, ಅದೂ ಒಂದು ಕಾರಣ ಇರಬಹುದು. ನಿಮ್ಮಪ್ಪನಿಗೆ ಸೊಂಟ ನೋವಿದೆ. ಎಂಆರ್‌ಐ, ಇಂಜೆಕ್ಷನ್ ಎರಡೂ ಅದಕ್ಕೇ ಅನ್ನಿಸುತ್ತದೆ. ಪಕ್ಕದೂರಿನವರಿಗೆ ಬೆನ್ನಿನ ತೊಂದರೆ ಇರಲಿಲ್ಲವೇನೋ. ಮೂಳೆಗೆ ಹತ್ತಿದ್ದರೆ ಮಾಮೂಲಿ ಆರು ವಾರದ ಔಷಧಿ ಸಾಲುವುದಿಲ್ಲ, ಮೂರು ತಿಂಗಳಿಗೂ ಹೋಗಬಹುದು. ಜ್ವರ ಬಿಟ್ಟಿತು ಅಂತ ಮಧ್ಯದಲ್ಲಿ ನಿಲ್ಲಿಸಿದರೆ ತಿರುಗಿ ಬರುತ್ತದೆ.

ರಿಫಾಂಪಿಸಿನ್ ಟಿಬಿಗೂ ಕೊಡುತ್ತಾರೆ, ನಿಜ. ಆದರೆ ಬೆನ್ನುಮೂಳೆಯ ಟಿಬಿ, ಬ್ರುಸೆಲ್ಲಾ ಎರಡೂ ಒಂದೇ ಥರ ಕಾಣುತ್ತವೆ. ಟಿಬಿ ಅಲ್ಲ ಅಂತ ಖಚಿತ ಮಾಡಿಕೊಂಡಿದ್ದಾರಾ ಕೇಳಿ. ಸ್ಟ್ರೆಪ್ಟೊಮೈಸಿನ್‌ಗೆ ಮುಂಚೆ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತ ಪರೀಕ್ಷೆ) ನೋಡಿಸಿ. ಕಿವಿಯಲ್ಲಿ ಗುಂಯ್ ಅಂದರೆ, ತಲೆ ಸುತ್ತಿದರೆ ಅವತ್ತೇ ಹೇಳಿ. ಮೂತ್ರ ಕೆಂಪಗಾದರೆ ಹೆದರಬೇಡಿ, ಅದು ರಿಫಾಂಪಿಸಿನ್ ಬಣ್ಣ.

ಗೌರಿಬಿದನೂರು ಅಕ್ಕ:
ಅಪ್ಪನಿಗೆ ವಾಸಿ ಮಾಡಿ ಕೊಟ್ಟಿಗೆ ಹಾಗೇ ಬಿಟ್ಟರೆ ಏನು ಬಂತು? ಕಂದು ಹಾಕಿದ ಕರು, ಮಾಸು ಬರಿಗೈಲಿ ಮುಟ್ಟಬೇಡಿ. ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿ. ನಾಯಿ ಎಳೆದುಕೊಂಡು ಹೋದರೆ ಊರಿಗೆಲ್ಲ ಹಂಚಿದ ಹಾಗೆ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಸರ್ಕಾರದಿಂದ ಲಸಿಕೆ ಇದೆ, 2019ರಲ್ಲಿ ಶುರುವಾದ ಕಾರ್ಯಕ್ರಮ. ಜೀವಮಾನಕ್ಕೆ ಒಂದೇ ಸಲ. ಅದು ಜೀವಂತ ಲಸಿಕೆ, ಸೂಜಿ ಮನುಷ್ಯರಿಗೆ ಚುಚ್ಚಿದರೆ ಕಾಯಿಲೆ ಬರುತ್ತದೆ. ಕರು ಹಿಡಿದುಕೊಳ್ಳುವವರು ಹುಷಾರು. ಹಾಲು ಕುದಿಸದೆ ಕುಡಿಯಬೇಡಿ, "ಹಸಿ ಹಾಲು ತಂಪು" ಅನ್ನುವ ಅಜ್ಜಿಯರ ಮಾತು ಇಲ್ಲಿ ಬೇಡ.

ಶ್ರೀನಿವಾಸಪುರದ ಹುಡುಗ:
ಹೌದು ಸಾರ್, ಯುಗಾದಿ ಆದಮೇಲೆ ಒಂದು ಹಸು ಏಳು ತಿಂಗಳಿಗೆ ಕಂದು ಹಾಕಿತು. ಅಪ್ಪನೇ ಎಲ್ಲ ತೆಗೆದದ್ದು. ಇದನ್ನು ಯಾವ ಡಾಕ್ಟರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಕ್ರಿಯಾಟಿನಿನ್ ನಾಳೆಯೇ ಮಾಡಿಸುತ್ತೇನೆ. ಆ ಹಸು ಈಗ ಮತ್ತೆ ಗಬ್ಬ ಆಗಿದೆ, ಅದನ್ನು ಮಾರಿಬಿಡೋಣ ಅಂತಿದ್ದಾರೆ ಚಿಕ್ಕಪ್ಪ.

ಲ್ಯಾಬ್ ಮೇಷ್ಟ್ರು, ಕೋಲಾರ (ನಿವೃತ್ತ):
ಸುಮ್ನೆ ಸಂತೆಗೆ ಹೊಡೆದುಕೊಂಡು ಹೋಗಬೇಡಿ, ಇನ್ನೊಬ್ಬರ ಕೊಟ್ಟಿಗೆಗೆ ಕಾಯಿಲೆ ಕೊಟ್ಟ ಹಾಗಾಗುತ್ತದೆ. ಪಶು ಆಸ್ಪತ್ರೆಗೆ ಹೇಳಿ ಎಲ್ಲಾ ಹಸುಗಳ ರಕ್ತ ತೆಗೆಸಿ. ಮತ್ತೆ ನೀವು, ಅಮ್ಮ, ಹಾಲು ಕರೆಯುವವರು ಎಲ್ಲರೂ ಒಮ್ಮೆ ರೋಸ್ ಬೆಂಗಾಲ್ ಮಾಡಿಸಿಕೊಳ್ಳಿ. ಎಂಆರ್‌ಐ ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯಿರಿ.