ಬೆಂಚ್ ಕೀಪರ್ ಕೋಚ್ ಆಗಬಹುದಾ? ಕವಾಗುಚಿ ಬಗ್ಗೆ ಗೊತ್ತಿದ್ದವರು ಹೇಳಿ

ಬೀದರ್ ಗ್ಲೌಸ್:
ಎಲ್ಲರಿಗೂ ನಮಸ್ಕಾರ. ನಾನು ಬೀದರ್‌ನವನು, ಡಿಗ್ರಿ ಕೊನೇ ವರ್ಷ. ಕಾಲೇಜು ಫುಟ್‌ಬಾಲ್ ಟೀಮಿನ ಎರಡನೇ ಗೋಲ್‌ಕೀಪರ್. ಎತ್ತರ ಸಾಲದು ಅಂತ ಬೆಂಚಲ್ಲೇ ಕೂರಿಸುತ್ತಾರೆ. ನೆಹರೂ ಸ್ಟೇಡಿಯಂ ಕಡೆ ಪ್ರಾಕ್ಟೀಸ್ ಮಾತ್ರ ತಪ್ಪಿಸುವುದಿಲ್ಲ.
ಜಪಾನಿನ ಗೋಲ್‌ಕೀಪರ್ ಯೋಶಿಕಾತ್ಸು ಕವಾಗುಚಿಯ ಒಂದು ವಿಡಿಯೋ ನೋಡಿದೆ. 2004ರ ಏಷ್ಯನ್ ಕಪ್, ಜೋರ್ಡಾನ್ ವಿರುದ್ಧ ಪೆನಾಲ್ಟಿ ಶೂಟೌಟ್. ಮೈ ಜುಮ್ಮೆಂದಿತು. ಆತ ಈಗ ಕೋಚ್ ಅಂತೆ. ಅಷ್ಟು ದೊಡ್ಡ ಆಟಗಾರನಿಗೆ ಕೋಚ್ ಕೆಲಸ ಸಿಗುತ್ತದೆ ಬಿಡಿ. ನಮ್ಮಂಥವರಿಗೆ ಆ ದಾರಿ ಇದೆಯಾ? ಮನೆಯಲ್ಲಿ ಬ್ಯಾಂಕ್ ಪರೀಕ್ಷೆಗೆ ಓದು ಅಂತ ಗಂಟು ಬಿದ್ದಿದ್ದಾರೆ.

ಶಹಾಪುರ ಸ್ಟ್ರೈಕರ್:
ಬ್ಯಾಂಕ್ ಪರೀಕ್ಷೆ ಬರಿ ತಮ್ಮಾ. ಬೆಳಿಗ್ಗೆ ಆಡು, ಯಾರು ಬೇಡ ಅಂದರು?

ಗೋಲ್‌ಲೈನ್ ಕಲಬುರಗಿ:
ನಾನು ಕಲಬುರಗಿಯಲ್ಲಿ ಬೆಳಿಗ್ಗೆ ಹೊತ್ತು ಹುಡುಗರಿಗೆ ಕೀಪಿಂಗ್ ಹೇಳಿಕೊಡುತ್ತೇನೆ. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಕವಾಗುಚಿ ಅಂದರೆ ಎಲ್ಲರೂ ಮೊದಲು ಹೇಳುವುದು 1996ರ ಅಟ್ಲಾಂಟಾ ಒಲಿಂಪಿಕ್ಸ್. ಮಯಾಮಿಯಲ್ಲಿ ಬ್ರೆಜಿಲ್ 28 ಸಲ ಗೋಲಿಗೆ ಹೊಡೆಯಿತು. ಬೆಬೆಟೊ, ರೊನಾಲ್ಡೊ, ರಿವಾಲ್ಡೊ ಎಲ್ಲ ಇದ್ದ ತಂಡ. ಒಂದೂ ಒಳಗೆ ಹೋಗಲಿಲ್ಲ, ಜಪಾನ್ 1–0. ಎರಡು ವರ್ಷ ಕಳೆದು ವಿಶ್ವಕಪ್‌ನಲ್ಲಿ ಮೂರೂ ಪಂದ್ಯ ಆಡಿದ. ಇದೆಲ್ಲ ನಿನಗೆ ವಿಡಿಯೋದಲ್ಲೇ ಸಿಗುತ್ತದೆ.

ಅದರ ಮುಂದಿನದನ್ನು ಯಾರೂ ವಿಡಿಯೋ ಮಾಡುವುದಿಲ್ಲ. 2001ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ಕ್ಲಬ್‌ಗೆ ಹೋದ. ಮುಂದಿನ ಜನವರಿಯಲ್ಲಿ ಅಲ್ಲಿಯ ಎಫ್‌ಎ ಕಪ್ ನಾಕೌಟ್ ಟೂರ್ನಿಯಲ್ಲಿ ಲೇಟನ್ ಓರಿಯೆಂಟ್ ಅನ್ನೋ ಕೆಳಗಿನ ಡಿವಿಷನ್ ತಂಡ ಇವರ ಮೈದಾನಕ್ಕೇ ಬಂದು 4–1ರಿಂದ ಹೊಡೆದು ಹೋಯಿತು. ಇವನ ಜಾಗ ಹೋಯಿತು. ಬಂದವನು ಯಾರು ಗೊತ್ತಾ? 42 ವರ್ಷದ ಡೇವ್ ಬೀಸಂಟ್. ಆ ವರ್ಷದ ವಿಶ್ವಕಪ್ ಜಪಾನ್ ನೆಲದಲ್ಲೇ ನಡೆಯಿತು, ಆಡಿದ್ದು ಇನ್ನೊಬ್ಬ ಕೀಪರ್ ನಾರಾಜಾಕಿ. ಮುಂದಿನ ಸೀಸನ್ ಕ್ಲಬ್‌ಗೆ ಶಾಕಾ ಹಿಸ್ಲಪ್ ಅನ್ನೋ ಕೀಪರ್ ಬಂದ, ಇವನು ಮತ್ತೆ ಬೆಂಚು. ಅಲ್ಲಿಂದ ಡೆನ್ಮಾರ್ಕ್‌ನ ನಾರ್ಡ್‌ಶೆಲಾಂಡ್ ಕ್ಲಬ್. ಅಲ್ಲೂ ಆಡಿದ್ದು ಕಡಿಮೆ.

ನೀನು ನೋಡಿದ ಜೋರ್ಡಾನ್ ಪಂದ್ಯ ಆ ಡೆನ್ಮಾರ್ಕ್ ದಿನಗಳದ್ದೇ! ಕ್ಲಬ್‌ನಲ್ಲಿ ಸರಿಯಾಗಿ ಆಡಲು ಸಿಗದ ಕೀಪರ್ ಅವತ್ತು ಗೋಲಿನಲ್ಲಿ ನಿಂತಿದ್ದ. ಜಪಾನಿನ ಮೊದಲ ಎರಡೂ ಕಿಕ್ ವ್ಯರ್ಥ. ಕ್ಯಾಪ್ಟನ್ ಮಿಯಾಮೊಟೊ ರೆಫರಿ ಹತ್ತಿರ ಹೋಗಿ ಕಾಲು ಜಾರುತ್ತಿದೆ ಅಂತ ಮಾತಾಡಿ, ಶೂಟೌಟನ್ನು ಆ ಕಡೆಯ ಗೋಲಿಗೆ ಬದಲಾಯಿಸಿದ. ಕೊನೆಗೆ 4–3. ಕಪ್ಪೂ ಜಪಾನಿಗೇ ಬಂತು.

2010ರದ್ದು ನನಗೆ ಇನ್ನೂ ಜಾಸ್ತಿ ಇಷ್ಟ. ಹಿಂದಿನ ವರ್ಷ ಕಾಲು ಮುರಿದಿತ್ತು. ಆದರೂ ಕೋಚ್ ಒಕಾಡಾ ಅವನನ್ನು ಮೂರನೇ ಕೀಪರ್ ಆಗಿ ಸೌತ್ ಆಫ್ರಿಕಾಗೆ ಕರೆದುಕೊಂಡು ಹೋಗಿ ಟೀಮ್ ಕ್ಯಾಪ್ಟನ್ ಮಾಡಿದರು. ಒಂದು ನಿಮಿಷವೂ ಆಡಲಿಲ್ಲ. ಗೋಲಿನಲ್ಲಿ ಕವಾಶಿಮಾ ಇದ್ದ. ಮುಂದೆ ಎರಡನೇ ಡಿವಿಷನ್‌ನ ಗಿಫು, ಮೂರನೇ ಡಿವಿಷನ್‌ನ ಸಗಾಮಿಹಾರಾ, 2018ರಲ್ಲಿ 43ನೇ ವಯಸ್ಸಿಗೆ ನಿವೃತ್ತಿ.

ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜಪಾನ್ ಕೀಪರ್‌ಗಳ ಕೋಚ್ ಅವನೇ. ನ್ಯೂಜಿಲೆಂಡ್ ಜೊತೆ ಕ್ವಾರ್ಟರ್ ಫೈನಲ್ ಶೂಟೌಟ್‌ಗೆ ಹೋಯಿತು. ಇಪ್ಪತ್ತರ ಹುಡುಗ ತಾನಿ ಕೊಸೇ ಒಂದು ತಡೆದ, 4–2. ಆಮೇಲೆ ಜಪಾನಿನ ಜುಬಿಲೊ ಇವಾಟಾ ಕ್ಲಬ್‌ನಲ್ಲಿ ಕೋಚ್ ಆದಾಗ, 2024ರಲ್ಲಿ ಅಲ್ಲಿಗೆ ಬಂದ ಕೀಪರ್ ಅದೇ ಕವಾಶಿಮಾ!

ಈಗ ನಿನ್ನ ವಿಷಯ. ಪಂದ್ಯಕ್ಕೆ ಮುಂಚೆ ಒಂದನೇ ಕೀಪರ್‌ಗೆ ವಾರ್ಮ್‌ಅಪ್‌ನಲ್ಲಿ ಚೆಂಡು ಹೊಡೆದು ಕೊಡುವವನು ಯಾರು? ನೀನೇ ಅಲ್ವಾ. ಮೊದಲು ಕೈಗೆ ಬರುವ ಹಾಗೆ, ಆಮೇಲೆ ಪಕ್ಕಕ್ಕೆ, ಆಮೇಲೆ ಮುಂದೆ ಪುಟ ಬೀಳುವ ಹಾಗೆ. ಅವನಿಗೆ ಇವತ್ತು ಎಡಗಡೆ ಹಾರಲು ಯಾಕೋ ಹಿಂಜರಿಕೆ ಅನ್ನುವುದು ಎಲ್ಲರಿಗಿಂತ ಮೊದಲು ನಿನಗೆ ಗೊತ್ತಾಗುತ್ತದೆ. ಕೀಪರ್ ಕೋಚ್ ಮಾಡುವುದೂ ಇದನ್ನೇ.

ಶಹಾಪುರ ಸ್ಟ್ರೈಕರ್:
ಅಣ್ಣಾ, ಜಪಾನಿಗೆ 116 ಪಂದ್ಯ ಆಡಿದವನು ಅವನು. ಬೆಂಚು ಅಂತ ಹೇಳಿ ಹುಡುಗನ ತಲೆ ಕೆಡಿಸಬೇಡಿ.

ಗೋಲ್‌ಲೈನ್ ಕಲಬುರಗಿ:
ಕೆಡಿಸುತ್ತಿಲ್ಲ ಮಾರಾಯ. ಅವನ ಹೆಸರು ಇವನಿಗಿಲ್ಲ, ಒಪ್ಪಿದೆ. ಅದಕ್ಕೇ ಸರ್ಟಿಫಿಕೇಟ್ ಬೇಕು. ಎಐಎಫ್‌ಎಫ್ ಅಂದರೆ ಭಾರತದ ಫುಟ್‌ಬಾಲ್ ಒಕ್ಕೂಟ, ಅದರ ಡಿ ಕೋಚಿಂಗ್ ಕೋರ್ಸ್‌ನಿಂದ ಶುರು. ಕೀಪಿಂಗ್‌ಗೆ ಬೇರೆ ಲೈಸೆನ್ಸ್ ಇದೆ. ಬ್ಯಾಂಕ್ ಪರೀಕ್ಷೆಯನ್ನೂ ಬರೆಯಲಿ, ಅದಕ್ಕೇನಂತೆ. ಇಲ್ಲಿ ಬರೀ ಕೋಚಿಂಗ್‌ನಿಂದ ಹೊಟ್ಟೆ ತುಂಬುವುದಿಲ್ಲ, ನನ್ನದೂ ಅದೇ ಪಾಡು.

ಬೀದರ್ ಗ್ಲೌಸ್:
ಥ್ಯಾಂಕ್ಸ್ ಅಣ್ಣಾ. ನಮ್ಮ ಪಕ್ಕದ ಓಣಿಯ ಇಬ್ಬರು ಹುಡುಗರು ಕಲಿಸು ಅಂತ ಕೇಳುತ್ತಿದ್ದಾರೆ. ಇಲ್ಲಿಯ ಕೆಂಪು ಮುರುಮಿನ ನೆಲದ ಮೇಲೆ ಹಾರಿದರೆ ಮೊಣಕೈ ಸುಲಿದು ಹೋಗುತ್ತದೆ. ಏನು ಮಾಡಲಿ? ಪೆನಾಲ್ಟಿಗೆ ಏನು ಹೇಳಿಕೊಡಲಿ?

ಗೋಲ್‌ಲೈನ್ ಕಲಬುರಗಿ:
ನಿಂತು ಹಾರಿಸಬೇಡ. ಮೊದಲು ಮಂಡಿಯೂರಿ ಕೂತು ಪಕ್ಕಕ್ಕೆ ಬೀಳಲಿ. ತೊಡೆಯ ಹೊರಬದಿ, ಸೊಂಟ, ಭುಜ, ಈ ಸಾಲಿನಲ್ಲಿ ನೆಲ ಮುಟ್ಟಬೇಕು. ಕೈಯೆರಡೂ ಚೆಂಡಿನ ಕಡೆ ಮುಂದಕ್ಕೆ ಚಾಚಿದ್ದರೆ ಮೊಣಕೈ ಕೆಳಗೆ ಸಿಗುವುದೇ ಇಲ್ಲ. ಗ್ಲೌಸನ್ನು ಆಡುವ ಮುಂಚೆ ಸ್ವಲ್ಪ ಒದ್ದೆ ಮಾಡಿಸು, ಒಣಗಿದ ಲ್ಯಾಟೆಕ್ಸ್‌ಗೆ ಹಿಡಿತ ಇರುವುದಿಲ್ಲ, ಧೂಳಿಗೆ ಬೇಗ ಕಿತ್ತೂ ಹೋಗುತ್ತದೆ.
ಪೆನಾಲ್ಟಿಯಲ್ಲಿ ಒದೆಯುವವನ ಊರಿದ ಕಾಲು ಎತ್ತ ತಿರುಗಿದೆ ನೋಡಲಿ. ಹೆಚ್ಚಿನವರದು ಚೆಂಡು ಹೋಗುವ ಕಡೆಗೇ ಇರುತ್ತದೆ. ಇನ್ನೊಂದು, ಈಗಿನ ನಿಯಮದ ಪ್ರಕಾರ ಒದೆಯುವ ಕ್ಷಣದಲ್ಲಿ ಕೀಪರ್‌ನ ಒಂದು ಪಾದವಾದರೂ ಗೋಲಿನ ಗೆರೆ ಮೇಲಿರಬೇಕು, ಗೆರೆಗೆ ನೇರ ಇರಬೇಕು ಅಥವಾ ಗೆರೆಯ ಹಿಂದಿರಬೇಕು. ಸುಣ್ಣದಲ್ಲಿ ಗೆರೆ ಎಳೆದೇ ಪ್ರಾಕ್ಟೀಸ್ ಮಾಡಿಸು, ಗೆರೆ ಇಲ್ಲದೆ ಕಲಿತ ಹುಡುಗರು ಮುಂದೆ ನುಗ್ಗುವುದನ್ನೇ ರೂಢಿ ಮಾಡಿಕೊಂಡು ಬಿಡುತ್ತಾರೆ.